ಹಾರ್ಮೋನ್ ಚಿಕಿತ್ಸೆ ತಗೊಂಡರೆ ದಪ್ಪ ಆಗ್ತೀವಾ? ಮುಟ್ಟು ನಿಂತವರು ಹೇಳಿ

ಮಂಡ್ಯ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 51. ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ಮುಟ್ಟು ನಿಂತು ವರ್ಷ ದಾಟಿದೆ. ಪಾಠ ಮಾಡುತ್ತಾ ನಿಂತಿರುವಾಗಲೇ ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ. ಕತ್ತಿನ ಹಿಂದೆ ಬೆವರು ಇಳಿಯುತ್ತದೆ. ಹಿಂದಿನ ಬೆಂಚಿನ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ರಾತ್ರಿ ನಿದ್ದೆ ಅನ್ನೋದು ಮರೆತೇ ಹೋಗಿದೆ. ಡಾಕ್ಟರ್ ಎಚ್‌ಆರ್‌ಟಿ, ಅಂದರೆ ಹಾರ್ಮೋನ್ ಚಿಕಿತ್ಸೆ, ಶುರು ಮಾಡೋಣ ಅಂದರು. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ.

ವಿಷಯ ಏನೆಂದರೆ, ಈಗಾಗಲೇ ಮೈ ಬಂದಿದೆ. ಕೈ ಕಾಲು ಹಾಗೇ ಇವೆ, ಹೊಟ್ಟೆ ಮಾತ್ರ ಮುಂದೆ. ಬ್ಲೌಸ್‌ಗಳ ಒಳಹೊಲಿಗೆ ಎಲ್ಲ ಬಿಚ್ಚಿಸಿ ಆಯಿತು, ಇನ್ನು ಬಿಚ್ಚೋಕೆ ಬಟ್ಟೆಯೇ ಇಲ್ಲ. ನಮ್ಮಕ್ಕ "ಆ ಮಾತ್ರೆ ತಗೋಬೇಡ, ಊದಿಕೊಳ್ತೀಯ" ಅಂತಾಳೆ. ಸ್ಟಾಫ್ ರೂಮಿನಲ್ಲಿ ಒಬ್ಬರು "ತಗೊಂಡರೆ ಹೊಟ್ಟೆ ಕರಗುತ್ತೆ ಮೇಡಂ" ಅಂತಾರೆ. ಯಾರ ಮಾತು ನಂಬೋದು? ಕ್ಯಾನ್ಸರ್ ಭಯ ಬೇರೆ ಇದೆ. ತಗೊಂಡವರು ಇದ್ದರೆ ದಯವಿಟ್ಟು ಬರೆಯಿರಿ.

ಗೋಕುಲಂ ಅಕ್ಕ

ನಾನು ತಗೊಳ್ತಾ ಇದ್ದೀನಿ ಮೇಡಂ. ಶುರುವಿನಲ್ಲಿ ಹೊಟ್ಟೆ ಉಬ್ಬರ, ಎದೆ ಭಾರ, ಬೆರಳಿನ ಉಂಗುರ ಬಿಗಿ. ನಿಲ್ಲಿಸಿಬಿಡೋಣ ಅನ್ನಿಸಿತ್ತು. ಡಾಕ್ಟರ್ ಸ್ವಲ್ಪ ತಾಳಿ ಅಂದರು, ಆಮೇಲೆ ರಾತ್ರಿ ನುಂಗೋ ಕ್ಯಾಪ್ಸೂಲನ್ನು ಬದಲಾಯಿಸಿದರು. ಉಬ್ಬರ ಇಳಿಯಿತು. ಈಗ ಮೈ ಬಿಸಿ ಏರೋದಿಲ್ಲ, ನಿದ್ದೆ ಬರುತ್ತದೆ, ಮನೆಯವರ ಮೇಲೆ ರೇಗೋದೂ ಕಡಿಮೆ (ಅವರು ಒಪ್ಪಲ್ಲ, ಅದು ಬೇರೆ ಮಾತು). ತೂಕ ಇದ್ದಷ್ಟೇ ಇದೆ. ಏರಲಿಲ್ಲ, ಕರಗಲೂ ಇಲ್ಲ.

ಮದ್ದೂರು ವಡೆ

ನಮ್ಮ ಅತ್ತಿಗೆ ಕಥೆ ಕೇಳಿ. ಹಾರ್ಮೋನ್ ಮಾತ್ರೆ ತಗೊಂಡು ಆರೇ ತಿಂಗಳಲ್ಲಿ ಗುರುತೇ ಸಿಗದ ಹಾಗಾದರು. ಮದುವೆ ಮನೆಯಲ್ಲಿ ಎದುರಿಗೆ ಬಂದರೂ ನಮ್ಮ ದೊಡ್ಡಮ್ಮ "ಇವರು ಯಾರ ಕಡೆಯವರು" ಅಂತ ಕೇಳಿದರು. ಹಾಗಾಗಿ ನನ್ನ ಓಟು ಟೀಚರ್ ಅವರ ಅಕ್ಕನ ಕಡೆಗೆ.

ಡಾಕ್ಟ್ರಮ್ಮ ಮೈಸೂರು

ನಾನು ಮೈಸೂರಿನಲ್ಲಿ ಸ್ತ್ರೀರೋಗ ವೈದ್ಯೆ. ನೋಡದೆ ಯಾರಿಗೂ ಔಷಧ ಹೇಳೋದಿಲ್ಲ. ಆದರೆ ಟೀಚರ್ ಕೇಳಿದ್ದಕ್ಕೆ ಉತ್ತರ ಇದೆ. ನಿಮ್ಮಕ್ಕ ಹೇಳಿದ್ದೂ ಸರಿಯಲ್ಲ, ಸ್ಟಾಫ್ ರೂಮಿನ ಮಾತೂ ಸರಿಯಲ್ಲ. ಎಚ್‌ಆರ್‌ಟಿಯಿಂದ ದಪ್ಪ ಆಗೋದಿಲ್ಲ. ಅದು ಸಣ್ಣಗಾಗೋ ಔಷಧವೂ ಅಲ್ಲ.

ಸುಮ್ನೆ ಹೇಳುತ್ತಿಲ್ಲ. ಅಮೆರಿಕದಲ್ಲಿ ಪೆಪಿ ಅನ್ನೋ ಅಧ್ಯಯನ ನಡೆಯಿತು, 1995ರಲ್ಲಿ ಅದರ ಫಲಿತಾಂಶ ಬಂತು. 45ರಿಂದ 64 ವಯಸ್ಸಿನ 875 ಹೆಂಗಸರು. ಕೆಲವರಿಗೆ ಹಾರ್ಮೋನ್ ಮಾತ್ರೆ, ಕೆಲವರಿಗೆ ನೋಡೋಕೆ ಅದೇ ಥರ ಇರುವ, ಒಳಗೆ ಔಷಧ ಇಲ್ಲದ ಮಾತ್ರೆ. ಮೂರು ವರ್ಷ ಆದ ಮೇಲೆ ತೂಕ ಹಾಕಿ ನೋಡಿದರೆ, ಜಾಸ್ತಿ ಏರಿದ್ದು ಔಷಧ ಇಲ್ಲದ ಮಾತ್ರೆ ನುಂಗಿದವರದ್ದು. ವ್ಯತ್ಯಾಸ ಸುಮಾರು ಒಂದು ಕೆಜಿ, ಅಷ್ಟೇ. ಆಮೇಲೆ ಕಾಕ್ರೇನ್ ಸಂಸ್ಥೆಯವರು ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಈ ವಯಸ್ಸಿನಲ್ಲಿ ಹೇಗೂ ಏರುವ ತೂಕಕ್ಕಿಂತ ಹೆಚ್ಚಾಗಿ ಎಚ್‌ಆರ್‌ಟಿ ಏನೂ ಏರಿಸುತ್ತದೆ ಅನ್ನೋಕೆ ಪುರಾವೆ ಸಿಗಲಿಲ್ಲ.

"ಹೇಗೂ ಏರುವ ತೂಕ" ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಗೊಂದಲ ಇರೋದು ಅಲ್ಲೇ. 1996ರಿಂದ ಅಮೆರಿಕದಲ್ಲಿ ಸ್ವಾನ್ ಅನ್ನೋ ಇನ್ನೊಂದು ಅಧ್ಯಯನ ನಡೆಯುತ್ತಿದೆ. ಅದೇ ಹೆಂಗಸರನ್ನು ಮುಟ್ಟು ನಿಲ್ಲುವ ಮೊದಲಿನಿಂದ, ನಿಂತು ಎಷ್ಟೋ ವರ್ಷ ಆಗುವವರೆಗೆ ನೋಡುತ್ತಾ ಬಂದಿದ್ದಾರೆ. ನಡುವಯಸ್ಸಿನಲ್ಲಿ ತೂಕ ವರ್ಷಕ್ಕೆ ಮುಕ್ಕಾಲು ಕೆಜಿಯಷ್ಟು ಏರುತ್ತಾ ಹೋಗುತ್ತದೆ, ಮುಟ್ಟು ನಿಂತ ದಿನ ಅದೇನೂ ಹಾರಿ ಕೂರೋದಿಲ್ಲ. ಅದು ಬಹುಪಾಲು ವಯಸ್ಸಿನ ಲೆಕ್ಕ. ಆದರೆ ತಕ್ಕಡಿಗೆ ಕಾಣದ ಒಂದು ಬದಲಾವಣೆ ಒಳಗೆ ಆಗುತ್ತದೆ. ಮುಟ್ಟು ಏರುಪೇರಾಗಲು ಶುರುವಾದಾಗಿನಿಂದ ಕೊಬ್ಬು ಸೇರುವ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಸ್ನಾಯು ಕರಗತೊಡಗುತ್ತದೆ. ಒಂದು ಏರಿ ಒಂದು ಇಳಿಯುವುದರಿಂದ ತೂಕದ ಮುಳ್ಳು ನಿಧಾನಕ್ಕೆ ಹೋಗುತ್ತಿರುವ ಹಾಗೆ ಕಾಣುತ್ತದೆ. ಬ್ಲೌಸ್ ಮಾತ್ರ ನಿಜ ಹೇಳುತ್ತದೆ.

ಇನ್ನು ಹೊಟ್ಟೆಯೇ ಯಾಕೆ? ಅಂಡಾಶಯ ತಯಾರಿಸುವ ಈಸ್ಟ್ರೋಜೆನ್ ಹಾರ್ಮೋನ್ ಇರುವ ತನಕ ಕೊಬ್ಬು ಸೊಂಟ, ತೊಡೆಯ ಕಡೆ ಹೋಗುತ್ತದೆ. ಅದು ಕಡಿಮೆಯಾದ ಮೇಲೆ ಹೊಟ್ಟೆಯ ಒಳಗೆ, ಕರುಳು ಲಿವರ್ ಸುತ್ತ ಕೂರುತ್ತದೆ. ಎಚ್‌ಆರ್‌ಟಿ ಈ ಜಾಗ ಬದಲಾವಣೆಯನ್ನು ಒಂದಿಷ್ಟು ತಡೆಯಬಹುದು. ಆದರೆ ಅದನ್ನೇ ನಂಬಿ ಹೊಟ್ಟೆ ಇಳಿಸೋಕೆ ಯಾವ ಡಾಕ್ಟರೂ ಬರೆದುಕೊಡಬಾರದು, ನೀವು ಕೇಳಲೂಬಾರದು. ಮೈ ಬಿಸಿ, ರಾತ್ರಿ ಬೆವರು, ನಿದ್ದೆಗೇಡು, ಯೋನಿ ಒಣಗಿ ಉರಿ, ಮೂಳೆ ಸವೆತ. ಇವುಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತಗೊಳ್ಳೋದೋ ಬಿಡೋದೋ ಅನ್ನೋದನ್ನು ಇವುಗಳ ಮೇಲೆ ತೀರ್ಮಾನ ಮಾಡಿ, ತೂಕದ ಮೇಲಲ್ಲ.

ಗೋಕುಲಂ ಅಕ್ಕ ಹೇಳಿದ ಉಬ್ಬರ ನಿಜ. ಅದು ನೀರು ನಿಲ್ಲೋದು, ಕೊಬ್ಬಲ್ಲ. ಸಾಮಾನ್ಯವಾಗಿ ಮೊದಲ ಕೆಲವು ವಾರ, ಹೆಚ್ಚೆಂದರೆ ಮೂರು ತಿಂಗಳು. ಇಳಿಯದಿದ್ದರೆ ಈಸ್ಟ್ರೋಜೆನ್ ಜೊತೆ ಕೊಡುವ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟರಾನ್, ಅದರ ಬಗೆಯನ್ನೋ ಪ್ರಮಾಣವನ್ನೋ ಬದಲಾಯಿಸುತ್ತೇವೆ.

ಮದ್ದೂರು ವಡೆ

ಡಾಕ್ಟ್ರಮ್ಮ, ಹಾಗಾದರೆ ನಮ್ಮ ಅತ್ತಿಗೆ ಗಾಳಿ ಕುಡಿದು ಊದಿದರಾ?

ಡಾಕ್ಟ್ರಮ್ಮ ಮೈಸೂರು

ಅವರು ನುಂಗಿದ್ದು ಯಾವ ಮಾತ್ರೆ? ಸ್ಟ್ರಿಪ್ ಹಿಂದೆ ಏನು ಬರೆದಿದೆ ಕೇಳಿ ಹೇಳಿ.

ಮದ್ದೂರು ವಡೆ

ಫೋನ್ ಮಾಡಿ ಕೇಳಿದೆ. ಹಳೇ ಸ್ಟ್ರಿಪ್ ಇನ್ನೂ ಡಬ್ಬಿಯಲ್ಲಿ ಇಟ್ಟಿದ್ದಾರೆ! ನಾರ್‌ಎಥಿಸ್ಟೆರೋನ್ 5 ಮಿಲಿಗ್ರಾಂ. ಆಗ ಅವರಿಗೆ 44, ಮುಟ್ಟು ನಿಂತಿರಲಿಲ್ಲ. ವಿಪರೀತ ಹೋಗ್ತಿತ್ತು ಅಂತ ದಿನಕ್ಕೆ ಮೂರು ಹೊತ್ತು ಕೊಟ್ಟಿದ್ದರಂತೆ. ಡಾಕ್ಟರ್ ಹೇಳಿದ್ದು ಸ್ವಲ್ಪ ದಿನಕ್ಕೆ. ಇವರು ನಿಲ್ಲಿಸಿದರೆ ಮತ್ತೆ ಶುರುವಾಗುತ್ತೆ ಅಂತ ಅಂಗಡಿಯಲ್ಲಿ ತಂದು ತಂದು ನುಂಗಿದ್ದಾರೆ.

ಔಷಧಿ ಅಂಗಡಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಇದು. ಮೆಡಿಕಲ್ ಸ್ಟೋರ್ ಇಟ್ಟವನಾಗಿ ಹೇಳ್ತೀನಿ, ಹಾರ್ಮೋನ್ ಮಾತ್ರೆ ಅಂತ ಕೇಳಿಕೊಂಡು ಬರುವವರಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಚೀಟಿ. ರಕ್ತಸ್ರಾವ ನಿಲ್ಲಿಸೋದು, ಗರ್ಭನಿರೋಧಕ, ಥೈರಾಯಿಡ್, ಎಲ್ಲವೂ ಜನರ ಬಾಯಲ್ಲಿ ಅದೇ. ಹಬ್ಬ ಬಂತೆಂದರೆ, ಯಾತ್ರೆ ಹೊರಟರೆಂದರೆ ಮುಟ್ಟು ಮುಂದೂಡೋ ಮಾತ್ರೆಗೆ ಬರುತ್ತಾರಲ್ಲ, ಅದೂ ಇದೇ ನಾರ್‌ಎಥಿಸ್ಟೆರೋನ್. ಎಚ್‌ಆರ್‌ಟಿಯಲ್ಲಿ ಇದನ್ನು ಬಳಸಿದರೂ ದಿನಕ್ಕೆ ಒಂದು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ನಿಮ್ಮ ಅತ್ತಿಗೆ ನುಂಗಿದ್ದು ದಿನಕ್ಕೆ ಹದಿನೈದು. ಎರಡನ್ನೂ ಒಂದೇ ಅಂದರೆ ಹೇಗೆ ಸರ್? ಚೀಟಿ ಇಲ್ಲದೆ ಮತ್ತೆ ಮತ್ತೆ ಕೊಟ್ಟವರದ್ದೂ ತಪ್ಪಿದೆ ಬಿಡಿ.

ಇನ್ನೊಂದು. ಮುಟ್ಟು ನಿಂತ ವಯಸ್ಸಿನವರು ತೂಕ ಏರಿದೆ, ಸುಸ್ತು ಅಂದರೆ ಎಲ್ಲವನ್ನೂ ಮೆನೋಪಾಸ್ ತಲೆಗೆ ಕಟ್ಟಬೇಡಿ. ಟಿಎಸ್‌ಎಚ್ (ಥೈರಾಯಿಡ್ ರಕ್ತಪರೀಕ್ಷೆ) ಒಮ್ಮೆ ಮಾಡಿಸಿ. ಈಗಾಗಲೇ ಥೈರಾಕ್ಸಿನ್ ತಗೊಳ್ಳುವವರು ಎಚ್‌ಆರ್‌ಟಿಯನ್ನು ಮಾತ್ರೆ ರೂಪದಲ್ಲಿ ಶುರು ಮಾಡಿದರೆ ಥೈರಾಯಿಡ್ ಡೋಸ್ ಸಾಲದೆ ಬರಬಹುದು. ಎರಡು ಮೂರು ತಿಂಗಳಲ್ಲಿ ಮತ್ತೆ ಟಿಎಸ್‌ಎಚ್ ನೋಡಿಸಬೇಕು. ಚರ್ಮಕ್ಕೆ ಹಚ್ಚೋ ಜೆಲ್‌ಗೆ ಈ ತಾಪತ್ರಯ ಅಷ್ಟಿಲ್ಲ. ಡಾಕ್ಟರಿಗೆ ಥೈರಾಯಿಡ್ ಮಾತ್ರೆ ವಿಷಯ ಹೇಳೋದೇ ಮರೆಯುತ್ತಾರೆ ಜನ.

ಉಪ್ಸಾರು ಗೌಡ

ನಮ್ಮ ಅಜ್ಜಿ ಯಾವ ಮಾತ್ರೆ ನುಂಗಿದ್ದರು? ಗದ್ದೆ ನಾಟಿ, ಕಳೆ, ದನ ಕರು. 80 ದಾಟಿ ಬದುಕಿದರು. ಹೊಟ್ಟೆ ಅನ್ನೋದೇ ಇರಲಿಲ್ಲ. ಇದೆಲ್ಲ ಔಷಧ ಕಂಪನಿಯವರ ಆಟ.

ನಿವೃತ್ತ ಸಿಸ್ಟರ್

ಗೌಡರೇ, ನಿಮ್ಮ ಅಜ್ಜಿ ಕಡೆಗಾಲದಲ್ಲಿ ನೆಟ್ಟಗೆ ನಿಲ್ಲುತ್ತಿದ್ದರಾ, ಬೆನ್ನು ಬಾಗಿತ್ತಾ? ಬೇಜಾರು ಮಾಡಿಕೊಳ್ಳಬೇಡಿ, ನಿಜವಾಗಿ ಕೇಳ್ತಿದ್ದೀನಿ. ಮೂಳೆ ವಾರ್ಡಿನಲ್ಲಿ ಡ್ಯೂಟಿ ಮಾಡಿದವಳು ನಾನು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಬರುತ್ತಿದ್ದ ಅಜ್ಜಿಯರು ಎಷ್ಟೋ ಜನ. ಮಗನೋ ಮೊಮ್ಮಗನೋ ಆಟೋದಲ್ಲಿ ಕೂರಿಸಿಕೊಂಡು ಬರುತ್ತಿದ್ದರು, ಅಲ್ಲಿಂದ ಎದ್ದು ಓಡಾಡಿದವರು ಕಡಿಮೆ. ಈಸ್ಟ್ರೋಜೆನ್ ಹೋದ ಮೇಲೆ ಮೂಳೆ ಬೇಗ ಸವೆಯುತ್ತದೆ. ಮೈ ಬಿಸಿ ಏರಿದ್ದನ್ನು ಅವರು ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು? ಒಲೆ ಮುಂದೆ ಕೂತವರಿಗೆ ಬೆವರು ಬಂದರೆ ಯಾರು ಕೇಳುತ್ತಾರೆ?

ಅವರ ಮೈಯಲ್ಲಿ ಬೊಜ್ಜು ಇರಲಿಲ್ಲ ಅನ್ನೋದು ಮಾತ್ರ ಒಪ್ಪುತ್ತೀನಿ. ಅದು ನಾಟಿಯ, ಹೊರೆ ಹೊತ್ತಿದ್ದರ ಫಲ. ನಾವು ಮಿಕ್ಸಿ, ಸ್ಕೂಟಿ, ಸೀರಿಯಲ್ ಮುಂದೆ ಕೂತವರು.

ಟೀಚರ್ ಅಕ್ಕನ ಮಗಳು

ಡಾಕ್ಟ್ರಮ್ಮ, ಈ ಚರ್ಚೆ ನಮ್ಮ ಚಿಕ್ಕಮ್ಮನೇ ಶುರು ಮಾಡಿರೋದು ಅಂತ ಈಗ ಗೊತ್ತಾಯ್ತು! ನಮ್ಮಮ್ಮನಿಗೆ ದಪ್ಪ ಆಗೋದಕ್ಕಿಂತ ಬ್ರೆಸ್ಟ್ ಕ್ಯಾನ್ಸರ್‌ದೇ ಭಯ. ನಮ್ಮ ಸಂಬಂಧಿಕರಲ್ಲಿ ಒಬ್ಬರಿಗೆ ಆಗಿತ್ತು. ಅದನ್ನು ಸ್ವಲ್ಪ ಹೇಳ್ತೀರಾ?

ಡಾಕ್ಟ್ರಮ್ಮ ಮೈಸೂರು

ಹೇಳಲೇಬೇಕು. ಈ ಭಯ ಎಲ್ಲಿಂದ ಬಂತು ಅಂದರೆ 2002ರ ಜುಲೈನಿಂದ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಲ್ಲಿ 16,608 ಹೆಂಗಸರು ಇದ್ದರು. ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಥರದ್ದು) ಮಾತ್ರೆ ಕೊಟ್ಟಿದ್ದ ಆ ಭಾಗವನ್ನು ಗಡುವಿಗೆ ಮೊದಲೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತು ಅಂತ ಜಗತ್ತಿನಲ್ಲೆಲ್ಲ ಸುದ್ದಿ ಆಯಿತು. ಹೆಂಗಸರು ರಾತ್ರೋರಾತ್ರಿ ಮಾತ್ರೆ ಬಿಟ್ಟರು, ಡಾಕ್ಟರುಗಳು ಬರೆಯೋದು ಬಿಟ್ಟರು. ಎಷ್ಟು ಜಾಸ್ತಿ ಅಂದರೆ, 10,000 ಹೆಂಗಸರು ಒಂದು ವರ್ಷ ತಗೊಂಡರೆ 8 ಜನಕ್ಕೆ ಹೆಚ್ಚಾಗಿ. ಪಾರ್ಶ್ವವಾಯು ಕೂಡ 8, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದು 8. ಸೊಂಟದ ಮೂಳೆ ಮುರಿತ 5 ಕಡಿಮೆ.

ಸಣ್ಣ ಅಪಾಯ, ಆದರೆ ಇಲ್ಲ ಅನ್ನೋ ಹಾಗಿಲ್ಲ. ಅದರ ಜೊತೆ ಇನ್ನೊಂದನ್ನೂ ನೋಡಬೇಕು. ಆ ಹೆಂಗಸರ ಸರಾಸರಿ ವಯಸ್ಸು 63. ಅಂದರೆ ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಆದವರೇ ಹೆಚ್ಚು. ಟೀಚರ್ ಥರದ, ಈಗಷ್ಟೇ ನಿಂತವರ ಲೆಕ್ಕ ಬೇರೆ. ಈಗಿನ ರೂಢಿ ಏನೆಂದರೆ, 60ರ ಒಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದ ಒಳಗೆ ಶುರು ಮಾಡಿದರೆ, ಬೇರೆ ತೊಡಕಿಲ್ಲದವರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ಗರ್ಭಕೋಶ ತೆಗೆಸಿದವರಿಗೆ ಬರೀ ಈಸ್ಟ್ರೋಜೆನ್ ಕೊಟ್ಟಿದ್ದ ಇನ್ನೊಂದು ಭಾಗದಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಆಗಲೇ ಇಲ್ಲ. ಈ ಸುದ್ದಿ ಅಷ್ಟು ದೂರ ಹೋಗಲಿಲ್ಲ ನೋಡಿ. ಆಗಿನ ಔಷಧ ಕುದುರೆ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮಾತ್ರೆ. ಈಗ ಚರ್ಮಕ್ಕೆ ಹಚ್ಚುವ ಎಸ್ಟ್ರಾಡಿಯಾಲ್ ಜೆಲ್, ಪ್ಯಾಚ್ ಇವೆ. ನುಂಗೋ ಮಾತ್ರೆಗಿಂತ ಇವುಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ದಪ್ಪ ಇರುವವರಿಗೆ ನಾನು ಜೆಲ್ ಕಡೆಗೇ ಒಲವು ತೋರಿಸೋದು ಇದಕ್ಕೇ.

ತೂಕದ ಮಾತಿಗೆ ಮತ್ತೆ ಬರುತ್ತೀನಿ. ಮುಟ್ಟು ನಿಂತ ಮೇಲೆ ಬೊಜ್ಜು ಕೂಡ ಸ್ತನ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುತ್ತದೆ, ಯಾಕೆಂದರೆ ಕೊಬ್ಬೇ ಒಂದಿಷ್ಟು ಈಸ್ಟ್ರೋಜೆನ್ ತಯಾರಿಸುತ್ತದೆ. ಮಾತ್ರೆಗೆ ಹೆದರುವವರು ಹೊಟ್ಟೆಗೆ ಹೆದರೋದಿಲ್ಲ ಅನ್ನೋದು ನನ್ನ ದೂರು.

ಯಾರು ತಗೋಬಾರದು? ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಸ್ಟ್ರೋಕ್ ಅಥವಾ ಹಾರ್ಟ್ ಅಟ್ಯಾಕ್ ಆದವರು, ಲಿವರ್ ತೊಂದರೆ ಇರುವವರು, ಕಾರಣ ಗೊತ್ತಾಗದ ರಕ್ತಸ್ರಾವ ಇರುವವರು. ಸಂಬಂಧಿಕರಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗಿತ್ತು ಅಂದ ಮಾತ್ರಕ್ಕೆ ಬಾಗಿಲು ಮುಚ್ಚೋದಿಲ್ಲ. ಅವರು ಹತ್ತಿರದವರಾ, ಯಾವ ವಯಸ್ಸಿನಲ್ಲಿ ಬಂತು, ಇದನ್ನೆಲ್ಲ ಡಾಕ್ಟರಿಗೆ ಹೇಳಬೇಕು. ಮುಟ್ಟು ನಿಂತು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿ. ಎಚ್‌ಆರ್‌ಟಿ ತಗೊಳ್ಳಲಿ ಬಿಡಲಿ, ಈ ಒಂದು ಮಾತು ಎಲ್ಲರಿಗೂ.

ಪಾಂಡವಪುರದ ಸೊಸೆ

ನನಗೆ 41. ಮೂರು ವರ್ಷದ ಹಿಂದೆ ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಗಡ್ಡೆ ಇತ್ತು, ಮುಂದೆ ತೊಂದರೆ ಬೇಡ ಅಂತ ನರ್ಸಿಂಗ್ ಹೋಮಿನಲ್ಲಿ ಪೂರ್ತಿ ತೆಗೆದುಬಿಟ್ಟರು. ಅವತ್ತಿಂದ ಮೈ ಉರಿ, ಕೀಲು ನೋವು, ತೂಕ ಏರಿದ್ದೇ ಏರಿದ್ದು. ಅತ್ತೆ "ಆಪರೇಷನ್ ಆದವರೆಲ್ಲ ದಪ್ಪ ಆಗ್ತಾರೆ, ಏನು ಮಾಡೋಕಾಗುತ್ತೆ" ಅಂತಾರೆ. ಹಾರ್ಮೋನ್ ಬಗ್ಗೆ ಯಾರೂ ಒಂದು ಮಾತು ಹೇಳಿಲ್ಲ. ನಾನೂ ತಗೋಬಹುದಾ ಡಾಕ್ಟರೇ? ಇಷ್ಟು ಚಿಕ್ಕ ವಯಸ್ಸಿಗೆ?

ಡಾಕ್ಟ್ರಮ್ಮ ಮೈಸೂರು

ತಾಯಿ, ನಿಮಗೆ ಚಿಕ್ಕ ವಯಸ್ಸು ಅನ್ನೋದಕ್ಕೇ ಬೇಕಾಗಿರೋದು. ನಮ್ಮ ದೇಶದಲ್ಲಿ ಮುಟ್ಟು ತಾನಾಗಿ ನಿಲ್ಲೋದು ಸರಾಸರಿ 46–47ಕ್ಕೆ. ನಿಮಗೆ 38ಕ್ಕೇ ಒಂದೇ ದಿನದಲ್ಲಿ ನಿಂತಿತು. ಮೂಳೆಗೂ ಹೃದಯಕ್ಕೂ ಅಷ್ಟು ವರ್ಷದ ಈಸ್ಟ್ರೋಜೆನ್ ಖೋತಾ. ಅಡ್ಡಿ ಏನೂ ಇಲ್ಲದಿದ್ದರೆ ಇಂಥವರಿಗೆ ಕನಿಷ್ಠ 50ರ ಆಸುಪಾಸಿನವರೆಗೆ ಹಾರ್ಮೋನ್ ಕೊಡಬೇಕು ಅನ್ನೋದೇ ನಿಯಮ. 50 ದಾಟಿದವರ ಅಂಕಿಗಳನ್ನು ತಂದು ನಿಮಗೆ ಹೆದರಿಸೋದು ಸರಿಯಲ್ಲ. ಗರ್ಭಕೋಶ ಇಲ್ಲದ ಕಾರಣ ಸಾಮಾನ್ಯವಾಗಿ ಬರೀ ಈಸ್ಟ್ರೋಜೆನ್ ಸಾಕಾಗುತ್ತದೆ. ಗರ್ಭಕೋಶ ಇರುವವರಿಗೆ ಪ್ರೊಜೆಸ್ಟರಾನ್ ಸೇರಿಸೋದು ಅದರ ಒಳಪದರ ಬೆಳೆದು ಕ್ಯಾನ್ಸರ್ ಆಗದಿರಲಿ ಅಂತ.

ಆಪರೇಷನ್ ಚೀಟಿ, ಬಯಾಪ್ಸಿ ರಿಪೋರ್ಟ್ ಎರಡೂ ಹುಡುಕಿ ಇಟ್ಟುಕೊಳ್ಳಿ. ಗಡ್ಡೆ ಯಾವ ಥರದ್ದು ಅನ್ನೋದು ಮುಖ್ಯ, ಎಂಡೊಮೆಟ್ರಿಯಾಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗಡೆ ಬೆಳೆಯೋ ಕಾಯಿಲೆ) ಇದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಆಗಲಿ, ಸ್ತ್ರೀರೋಗ ವಿಭಾಗದ ಒಪಿಡಿಗೆ ಹೋಗಿ. "ದಪ್ಪ ಆಗಿದ್ದೀನಿ" ಅಂತ ಶುರು ಮಾಡಬೇಡಿ. "38ಕ್ಕೆ ಅಂಡಾಶಯ ತೆಗೆದಿದ್ದಾರೆ, ಹಾರ್ಮೋನ್ ಕೊಟ್ಟಿಲ್ಲ" ಅಂತ ಶುರು ಮಾಡಿ.

ಪಾಂಡವಪುರದ ಸೊಸೆ

ಬರೆದುಕೊಂಡೆ ಮೇಡಂ. ಅತ್ತೆಗೂ ಓದಿ ಹೇಳಿದೆ.

ಕುಕ್ಕರಹಳ್ಳಿ ವಾಕರ್

ಮಾತ್ರೆ ವಿಷಯ ಸಾಕು. ಬೆಳಿಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ಸುತ್ತಿ ಬನ್ನಿ, ಎಲ್ಲ ಕರಗುತ್ತೆ. ನನಗೆ 58, ಮಳೆ ಬಂದರೂ ತಪ್ಪಿಸೋದಿಲ್ಲ.

ಗೋಕುಲಂ ಅಕ್ಕ

ನಿಮ್ಮ ಗುಂಪನ್ನು ನೋಡಿದ್ದೀನಿ ಬಿಡಿ. ಅರ್ಧ ಸುತ್ತು, ಅರ್ಧ ಮಾತು, ಆಮೇಲೆ ಸೀದಾ ಮಸಾಲೆ ದೋಸೆ.

ಕುಕ್ಕರಹಳ್ಳಿ ವಾಕರ್

ದೋಸೆ ಭಾನುವಾರ ಮಾತ್ರ!

ಆಹಾರ ಓದಿದವಳು

ವಾಕಿಂಗ್ ಒಳ್ಳೆಯದೇ, ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ. ಆದರೆ ಡಾಕ್ಟ್ರಮ್ಮ ಹೇಳಿದ ಸ್ನಾಯು ಕರಗೋ ವಿಷಯಕ್ಕೆ ವಾಕಿಂಗ್ ಒಂದೇ ಸಾಲದು. ಮಾಂಸಖಂಡಕ್ಕೆ ಭಾರ ಬೀಳಬೇಕು. ಜಿಮ್ಮೇ ಬೇಕು ಅಂತಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ಮೈ ತಳ್ಳೋದು, ತುಂಬಿದ ನೀರಿನ ಬಾಟಲಿ ಎತ್ತೋದು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಕೆ ಆಗುವವರು ಹತ್ತಿ. ಮಂಡಿ ನೋವಿದ್ದರೆ ಇಳಿಯೋಕೆ ಸಿಟಿ ಬಸ್ ಹಿಡಿಯಿರಿ, ಮಂಡಿಗೆ ಪೆಟ್ಟು ಬೀಳೋದು ಇಳಿಯುವಾಗಲೇ.

ನಾನು ಬರೆಯೋಕೆ ಬಂದಿದ್ದು ಊಟದ ವಿಷಯ. ಪ್ರೋಟೀನ್ ಮೈತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ. 65 ಕೆಜಿ ಇದ್ದರೆ ಸುಮಾರು 54 ಗ್ರಾಂ. ಮಂಡ್ಯದ ಕಡೆ ಹೆಂಗಸರನ್ನು ಕೇಳಿದರೆ "ಮುದ್ದೆ ತಿಂತೀವಿ, ಶಕ್ತಿ ಇದೆ" ಅಂತಾರೆ. ಮುದ್ದೆ ಒಳ್ಳೆಯದು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಕಾಲುಭಾಗವೂ ಇಲ್ಲ. ಆದರೆ ಪ್ರೋಟೀನ್ 7 ಗ್ರಾಂ ಅಷ್ಟೇ. ಪ್ರೋಟೀನ್ ಇರೋದು ಕಾಳಿನಲ್ಲಿ. ಹುರಳಿಕಾಳಿನಲ್ಲಿ ನೂರಕ್ಕೆ 22 ಗ್ರಾಂ.

ಈಗ ಬಸ್ಸಾರು ಮಾಡೋದನ್ನು ನೆನಪಿಸಿಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟು ಸಾರಿಗೆ, ಕಾಳು ಸೊಪ್ಪು ಒಗ್ಗರಣೆ ಹಾಕಿ ಪಲ್ಯಕ್ಕೆ. ಗಂಡ, ಮಕ್ಕಳು, ಮಾವ ಕೂತು ಪಲ್ಯ ಬಡಿಸಿಕೊಂಡು ಉಣ್ಣುತ್ತಾರೆ. ಮನೆಯಾಕೆ ಕೂರುವ ಹೊತ್ತಿಗೆ ಪಲ್ಯದ ಬಾಂಡ್ಲಿಯ ತಳದಲ್ಲಿ ಒಗ್ಗರಣೆ ಮೆಣಸಿನಕಾಯಿ ಉಳಿದಿರುತ್ತದೆ. ಅವಳಿಗೆ ಮುದ್ದೆ, ಸಾರು, ಮಿಕ್ಕಿದ ಅನ್ನ. ಅನ್ನ ಚೆಲ್ಲಬಾರದು ಅಂತ ಅದೂ ಹೊಟ್ಟೆಗೇ. ಹಿಟ್ಟು ಮಾತ್ರ ಹೋಗುತ್ತದೆ, ಕಾಳು ಹೋಗೋದಿಲ್ಲ. ಹೊಟ್ಟೆ ಬರುತ್ತದೆ, ತೊಡೆ ಬತ್ತುತ್ತದೆ. ಪಲ್ಯವನ್ನು ಮೊದಲೇ ಒಂದು ಬಟ್ಟಲು ತೆಗೆದು ಮುಚ್ಚಿಡಿ ಅನ್ನೋದೇ ನನ್ನ ಡಯಟ್ ಚಾರ್ಟ್. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ, ಒಂದು ಲೋಟ ಹಾಲಿಗೂ ಅಷ್ಟೇ. ಮುದ್ದೆಯ ಗಾತ್ರ ಸ್ವಲ್ಪ ಇಳಿಸಿ, ಬಿಡಬೇಡಿ.

ಉಪ್ಸಾರು ಗೌಡ

ಈ ಮಾತು ಒಪ್ಪಿದೆ. ನಮ್ಮ ಮನೆಯಲ್ಲೂ ಹೀಗೇ ನಡೆಯೋದು. ಇವತ್ತು ರಾತ್ರಿ ಒಟ್ಟಿಗೇ ಕೂರೋಣ ಅಂದೆ. "ಏನಾಯ್ತು ನಿಮಗೆ" ಅಂತ ಹಣೆ ಮುಟ್ಟಿ ನೋಡಿದರು.

ಬೆಂಗಳೂರಲ್ಲಿರೋ ಮಗ

ಅಮ್ಮ ಮೈಸೂರಲ್ಲಿ ಇದ್ದಾರೆ, 56 ವಯಸ್ಸು, ಶುಗರ್ ಇದೆ, ತೂಕ ಜಾಸ್ತಿ. ವಾರಕ್ಕೊಂದು ಚುಚ್ಚೋ ಹೊಸ ಇಂಜೆಕ್ಷನ್ ಬಂದಿದೆಯಲ್ಲ, ಎಚ್‌ಆರ್‌ಟಿ ಜೊತೆ ಕೊಡಬಹುದಾ?

ಡಾಕ್ಟ್ರಮ್ಮ ಮೈಸೂರು

ಸೆಮಾಗ್ಲುಟೈಡ್, ಟಿರ್ಜೆಪಟೈಡ್. ತೂಕ ನಿಜವಾಗಿ ಇಳಿಸುವ ಔಷಧ ಅಂದರೆ ಅವೇ, ಎಚ್‌ಆರ್‌ಟಿ ಅಲ್ಲ. ಶುಗರ್ ಡಾಕ್ಟರ್ ನೋಡಿ ನಿರ್ಧಾರ ಮಾಡಬೇಕು. ಜೊತೆಗೆ ಕೊಡಬಹುದು. ಆದರೆ ಇವು ಹೊಟ್ಟೆ ಖಾಲಿಯಾಗೋದನ್ನು ನಿಧಾನ ಮಾಡುವುದರಿಂದ ನುಂಗೋ ಹಾರ್ಮೋನ್ ಸರಿಯಾಗಿ ಸೇರದೆ ಹೋಗಬಹುದು. ಈಸ್ಟ್ರೋಜೆನನ್ನು ಜೆಲ್ ರೂಪದಲ್ಲಿ ತಗೊಳ್ಳೋದು ಮೇಲು. ತೂಕ ಬೇಗ ಇಳಿದರೆ ಸ್ನಾಯುವೂ ಜೊತೆಗೇ ಇಳಿಯುತ್ತದೆ, ಹಾಗಾಗಿ ಮೇಲಿನ ಕಾಳು, ಕುರ್ಚಿ ವ್ಯಾಯಾಮ ಎರಡೂ ಇನ್ನೂ ಜಾಸ್ತಿ ಬೇಕು.

ಶ್ರೀರಂಗಪಟ್ಟಣ ಸರ್

ಗಂಡಸರು ಬರೆಯಬಹುದು ತಾನೇ? ನಮ್ಮ ಮನೆಯಲ್ಲಿ ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಐದರಲ್ಲಿ. ನಾನು ಎರಡು ರಗ್ಗು ಹೊದ್ದು ಮಲಗುತ್ತೀನಿ. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಡಬ್ಬಿ ಸದ್ದು. ಚಕ್ಕುಲಿ ತಿಂತಾ ಕೂತಿರುತ್ತಾರೆ. ಕೇಳಿದರೆ ಅಳುತ್ತಾರೆ. ಏನು ಮಾಡಬೇಕು ಅಂತಲೇ ಗೊತ್ತಾಗಲ್ಲ.

ನಿವೃತ್ತ ಸಿಸ್ಟರ್

ಕೇಳಿದ್ದೇ ದೊಡ್ಡದು ಸರ್. ಬೆವರಿ ಎಚ್ಚರ ಆದವರಿಗೆ ಮತ್ತೆ ನಿದ್ದೆ ಹತ್ತೋದಿಲ್ಲ, ನಿದ್ದೆ ಕೆಟ್ಟವರಿಗೆ ಹಸಿವು ಜಾಸ್ತಿ, ಅದೂ ಕರಿದದ್ದು, ಸಿಹಿಯ ಕಡೆಗೇ. ಆ ಚಕ್ಕುಲಿ ಚಪಲ ಅಲ್ಲ. ಡಬ್ಬಿ ಬಚ್ಚಿಡಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಹಾರ್ಮೋನ್ ಬೇಡ ಅನ್ನುವವರಿಗೆ, ತಗೊಳ್ಳಬಾರದವರಿಗೆ ಬೇರೆ ಔಷಧಗಳೂ ಇವೆ. ಫ್ಯಾನ್ ಅವರ ಕಡೆ ತಿರುಗಿಸಿ, ನೀವು ಗೋಡೆ ಪಕ್ಕಕ್ಕೆ ಹೋಗಿ.

ಮಂಡ್ಯ ಟೀಚರ್

ಇಷ್ಟು ಜನ ಬರೆದಿದ್ದಕ್ಕೆ ಧನ್ಯವಾದ. ಡಾಕ್ಟರ್ ಹತ್ತಿರ ಮತ್ತೆ ಹೋಗಿ ಬಂದೆ. ಬಿಪಿ ನೋಡಿದರು, ಮ್ಯಾಮೋಗ್ರಾಂ ಮಾಡಿಸಿದರು, ಶುಗರ್, ಟಿಎಸ್‌ಎಚ್ ಆಯಿತು. ಟೇಪ್ ತಗೊಂಡು ಪಕ್ಕೆಲುಬಿನ ಕೆಳತುದಿಗೂ ಸೊಂಟದ ಮೂಳೆಗೂ ನಡುವೆ ಅಳೆದರು. 92 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80ರ ಒಳಗೆ ಇರಬೇಕಂತೆ. ಸೀರೆಯ ನೆರಿಗೆ ಎಷ್ಟನ್ನು ಮುಚ್ಚುತ್ತದೆ ಅಲ್ವಾ!

ಜೆಲ್ ಕೊಟ್ಟಿದ್ದಾರೆ, ಗರ್ಭಕೋಶ ಇರುವುದರಿಂದ ರಾತ್ರಿ ಮಲಗುವಾಗ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ಅದು ನಿದ್ದೆ ತರಿಸುತ್ತೆ, ಅದಕ್ಕೇ ರಾತ್ರಿ ಅಂದರು. ಮೂರು ತಿಂಗಳಿಗೆ ಬರೋಕೆ ಹೇಳಿದ್ದಾರೆ. ಹೊಟ್ಟೆ ಇಳಿಯುತ್ತಾ ಅಂತ ನಾನು ಕೇಳಲಿಲ್ಲ. ಅಕ್ಕನಿಗೆ ಇನ್ನೂ ಸಮಾಧಾನ ಇಲ್ಲ, "ನೋಡೋಣ ದೀಪಾವಳಿಗೆ" ಅಂತಾಳೆ.

ಒಂದು ಸಣ್ಣ ಅನುಮಾನ. ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಾಳೆ, ಅದು ಇಡೀ ದಿನ ನನ್ನ ತೋಳಿನ ಮೇಲೇ. ಜೆಲ್ ಹಚ್ಚಿಕೊಂಡು ಎತ್ತಿಕೊಳ್ಳಬಹುದಾ?

ಔಷಧಿ ಅಂಗಡಿ

ಮಗುವಿನ ಮೈಗೆ ಅದು ತಾಗಬಾರದು ಮೇಡಂ. ತೋಳಿನ ಬದಲು ತೊಡೆಗೆ ಹಚ್ಚಬಹುದಾ ಅಂತ ನಿಮ್ಮ ಜೆಲ್‌ನ ಚೀಟಿ ನೋಡಿ, ಡಾಕ್ಟರನ್ನೂ ಕೇಳಿ. ಬಹಳಷ್ಟು ಜೆಲ್‌ಗಳಿಗೆ ಅದು ಆಗುತ್ತದೆ. ಎದೆಗೆ ಹಚ್ಚಬಾರದು. ತೆಳ್ಳಗೆ ಸವರಿ, ಒಣಗಲು ಬಿಡಿ, ಆಮೇಲೆ ಬಟ್ಟೆಯಿಂದ ಮುಚ್ಚಿ, ಕೈ ಸೋಪು ಹಾಕಿ ತೊಳೆಯಿರಿ. ಒಂದು ಗಂಟೆಯಾದರೂ ಆ ಜಾಗಕ್ಕೆ ನೀರು ಬೇಡ, ಯಾರ ಮೈಯೂ ತಾಗೋದು ಬೇಡ. ಅದರಲ್ಲಿ ಆಲ್ಕೋಹಾಲ್ ಇರುತ್ತದೆ, ಒಣಗುವ ತನಕ ಗ್ಯಾಸ್ ಒಲೆ ಹತ್ತಿರ, ದೇವರ ದೀಪದ ಹತ್ತಿರ ಹೋಗಬೇಡಿ. ಬೆಳಿಗ್ಗೆ ಸ್ನಾನ ಆಗಿ ಮೈ ಒರೆಸಿಕೊಂಡ ಮೇಲೆ ಹಚ್ಚೋದು ಸಲೀಸು. ಆ ಹೊತ್ತಿಗೆ ಮಗು ಇನ್ನೂ ಮಲಗಿರುತ್ತೆ.

ಮಂಡ್ಯ ಟೀಚರ್

ನಮ್ಮ ಮಗು ಐದಕ್ಕೇ ಏಳುತ್ತೆ ಸರ್. ಆ ಹೊತ್ತಿಗೆ ಅವರ ತಾತನ ಕೈಗೆ ಕೊಡ್ತೀನಿ.